ಕಿತ್ತುಕೊಂಡ ನಗಾರಿ, ಹೊರಿಸಿದ ತಮಟೆ

ಹುಳಿಯಾರು ಕಡೆಯ ನಮ್ಮೂರಲ್ಲಿ ಊರಮ್ಮನ ಹಬ್ಬ ಬಂತು ಅಂದರೆ ಅದು ಮೊದಲು ಗೊತ್ತಾಗುತ್ತಿದ್ದುದು ಕೇರಿಗೆ. ಹಬ್ಬಕ್ಕೆ ಇನ್ನೂ ಎಂಟು ದಿನ ಇರುವಾಗಲೇ ಊರೊಳಗಿನವರು ಒಬ್ಬರು ಬರೋರು. ಕೇರಿ ಒಳಕ್ಕೆ ಕಾಲಿಡುತ್ತಿರಲಿಲ್ಲ. ಬಾಯಲ್ಲೇ ನಿಂತು, ‘ಏನ್ರಲಾ, ತಮಟೆ ಸರಿ ಮಾಡ್ಕಂಡಿದ್ದೀರೇನ್ರಲಾ?’ ಅಂತ ಕೂಗಿ ಹೋಗೋರು. ಅದು ಕೇಳಿದಂತೆ ಇರುತ್ತಿತ್ತು, ಆದರೆ ಅಪ್ಪಣೆ. ಉತ್ತರಕ್ಕೆ ಅವರು ಕಾಯುತ್ತಿರಲಿಲ್ಲ.

ಹಬ್ಬದ ರಾತ್ರಿ ಒಣಗಿದ ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಕೊಟ್ಟು ಅದರ ಸುತ್ತ ಕೂತು ತಮಟೆ ಕಾಯಿಸೋರು. ಚರ್ಮ ಬಿಗಿಯಾಗಿ ಬೆರಳಿಗೆ ‘ಠಣ್’ ಅನ್ನಬೇಕು. ಆಮೇಲೆ ದೇವರು ಹೊರಡೋದು. ಮುಂದೆ ನಮ್ಮ ತಮಟೆ, ಹಿಂದೆ ದೇವರು, ಅದರ ಹಿಂದೆ ಊರು. ಬೆಳಗಿನ ಜಾವದ ತನಕ ಬೀದಿ ಬೀದಿ ಸುತ್ತಿ, ಕೈ ಬೆರಳು ಒಡೆದು, ಕೊನೆಗೆ ದೇವರು ಗುಡಿ ಸೇರೋದು. ತಮಟೆ ಮಾತ್ರ ಅಂಗಳದಲ್ಲೇ ನಿಲ್ಲೋದು. ರಾತ್ರಿಯೆಲ್ಲ ದೇವರನ್ನು ಮುಂದೆ ನಿಂತು ಕರಕೊಂಡು ಬಂದವರಿಗೆ ಹೊಸಿಲು ಯಾಕೆ ಅಡ್ಡ ಬಂತು ಅಂತ ಹುಡುಗನಾಗಿದ್ದ ನಾನು ಕೇಳಿದ್ದೆ. ದೊಡ್ಡಪ್ಪ, ‘ಸುಮ್ಕಿರ್ಲಾ, ನಿದ್ದೆ ಬತ್ತಾ ಅದೆ’ ಅಂದಿದ್ದ. ನಲವತ್ತು ವರ್ಷ ಆದಮೇಲೆ ಆ ಪ್ರಶ್ನೆ ನನ್ನ ಶಾಲೆಯ ಕೊಠಡಿಗೇ ಬಂತು.

ಹತ್ತನೇ ತರಗತಿಗೆ ಎರಡು ಮಹಾಯುದ್ಧಗಳ ನಡುವಿನ ಕಾಲದ ಪಾಠ ಮಾಡುತ್ತಿದ್ದೆ. ಅಮೆರಿಕದಲ್ಲಿ 1920ರ ದಶಕವನ್ನು ‘ಜಾಜ್ ಯುಗ’ ಅಂತ ಕರೀತಾರೆ ಅಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಜಾಜ್ ಅಂದ್ರೆ ಏನ್ ಸಾ?’ ಅಂದ. ಅಲ್ಲಿಯ ಕಪ್ಪುಜನರ ಸಂಗೀತ ಕಣಪ್ಪ, ಕಹಳೆ, ಪಿಯಾನೊ, ಡ್ರಮ್ಮು ಎಲ್ಲ ಇರುತ್ತೆ, ಅವರು ನುಡಿಸೋರು, ಬಿಳಿಯರು ದುಡ್ಡು ಕೊಟ್ಟು ಕೇಳೋರು, ಆದರೆ ಅವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ ಅಂದೆ. ಹುಡುಗ ಒಂದು ಗಳಿಗೆ ಸುಮ್ಮನಿದ್ದು, ‘ಹಂಗಾದ್ರೆ ನಮ್ಮಪ್ಪನ ತಮಟೆ ಇದ್ದಂಗೆ ಬಿಡಿ ಸಾ. ಆದ್ರೆ ನಮ್ಮಪ್ಪನಿಗೆ ದುಡ್ಡೂ ಕೊಡಲ್ಲ’ ಅಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಇದು ಆ ಹುಡುಗನಿಗೆ ಹೇಳಬೇಕಾಗಿದ್ದ, ಆವತ್ತು ಹೇಳಲಾಗದ ಉತ್ತರ.

*

ಮೊದಲು ಸಮುದ್ರದ ಆಚೆಯ ಕಥೆ.

ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ ಅಮೆರಿಕದ ಹತ್ತಿ, ಭತ್ತದ ಹೊಲಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದರು. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ನಗಾರಿ ಬಡಿಯುತ್ತಾ ಹೊರಟರು, ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ದಂಗೆಯನ್ನು ಒಡೆಯರು ರಕ್ತದಲ್ಲಿ ಮುಳುಗಿಸಿದರು. ಮರುವರ್ಷ, 1740ರಲ್ಲಿ, ಒಂದು ಕಾನೂನು ತಂದು ಗುಲಾಮರು ನಗಾರಿ, ಕೊಂಬು ಇಟ್ಟುಕೊಳ್ಳಬಾರದು ಅಂತ ಕಟ್ಟಪ್ಪಣೆ ಮಾಡಿದರು. ನಗಾರಿಯ ಸದ್ದಿನಲ್ಲಿ ಮಾತು ಇದೆ, ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸುದ್ದಿ ಹೋಗುತ್ತೆ, ಜನ ಕೂಡುತ್ತಾರೆ ಅನ್ನೋದು ಒಡೆಯನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಿತ್ತುಕೊಂಡ.

ನಗಾರಿ ಕಳೆದುಕೊಂಡ ಜನ ಚಪ್ಪಾಳೆಯಲ್ಲಿ, ಕಾಲಿನ ತುಳಿತದಲ್ಲಿ, ಕೆಲಸದ ಹಾಡಿನಲ್ಲಿ ಆ ತಾಳ ಬಚ್ಚಿಟ್ಟುಕೊಂಡರು. ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಮಾತ್ರ ಭಾನುವಾರದ ಹೊತ್ತು ಒಂದು ಬಯಲಿನಲ್ಲಿ ಕೂಡಿ ಬಡಿಯುವುದಕ್ಕೆ ಬಹುಕಾಲ ಅವಕಾಶ ಇತ್ತು. ಮುಂದೆ ಅದೇ ಪಟ್ಟಣದಲ್ಲಿ ಈ ತಾಳಕ್ಕೆ ಮಿಲಿಟರಿ ಬ್ಯಾಂಡಿನ ಕಹಳೆ ಸೇರಿ, ಚರ್ಚಿನ ಹಾಡು ಸೇರಿ, ಜಾಜ್ ಆಯಿತು.

ಆದರೆ ಈ ಸಂಗೀತವನ್ನು ಪ್ಲೇಟಿಗೆ ಹತ್ತಿಸುವಾಗ ಏನಾಯಿತು ನೋಡಿ. 1917ರಲ್ಲಿ ಮೊಟ್ಟಮೊದಲ ಜಾಜ್ ರೆಕಾರ್ಡು ಹೊರಬಂತು. ನುಡಿಸಿದವರು ಐದೂ ಜನ ಬಿಳಿಯರು! ಇಪ್ಪತ್ತರ ದಶಕದಲ್ಲಿ ‘ಜಾಜ್ ದೊರೆ’ ಅಂತ ಪತ್ರಿಕೆಗಳು ಪಟ್ಟ ಕಟ್ಟಿದ್ದು ಪಾಲ್ ವೈಟ್‌ಮನ್ ಅನ್ನುವವನಿಗೆ. ಹೆಸರಿನ ಅರ್ಥವೇ ‘ಬಿಳಿ ಮನುಷ್ಯ’. ನ್ಯೂಯಾರ್ಕಿನ ಹಾರ್ಲೆಮ್ ಕಪ್ಪುಜನರ ಕೇರಿ. ಆ ಕೇರಿಯ ನಡುವೆ 1923ರಲ್ಲಿ ಕಾಟನ್ ಕ್ಲಬ್ ತೆರೆಯಿತು. ವೇದಿಕೆಯ ಮೇಲೆ ನುಡಿಸುವವರು, ಕುಣಿಯುವವರು, ಬಡಿಸುವವರು ಕಪ್ಪುಜನ. ಮೇಜಿನ ಮುಂದೆ ಕೂರುವ ಗಿರಾಕಿಗಳು ಬಿಳಿಯರು. ಡ್ಯೂಕ್ ಎಲಿಂಗ್ಟನ್ ಅಂಥ ದೊಡ್ಡ ಕಲಾವಿದ 1927ರ ಡಿಸೆಂಬರಿನಲ್ಲಿ ಅಲ್ಲಿ ನುಡಿಸಲು ಸೇರಿದ. ಅವನ ಜನ ಗಿರಾಕಿಗಳಾಗಿ ಬಂದು ಎದುರಿಗೆ ಕೂರುವಂತಿರಲಿಲ್ಲ.

ಸಂಗೀತ ಬೆರೆಯುತ್ತಿದ್ದಂತೆ ಜನರೂ ಬೆರೆತರು ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. 1919ರ ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ಪಟ್ಟಣಗಳಲ್ಲಿ ಕಪ್ಪುಜನರ ಮೇಲೆ ದಾಳಿ ನಡೆಯಿತು. ಷಿಕಾಗೊದಲ್ಲಿ ಕೆರೆಯಲ್ಲಿ ಈಜುತ್ತಿದ್ದ ಕಪ್ಪು ಹುಡುಗನೊಬ್ಬ ಬಿಳಿಯರ ಕಡೆಯ ನೀರಿಗೆ ತೇಲಿ ಹೋದ ಅಂತ ಕಲ್ಲು ಹೊಡೆದರು. ಅವನು ಮುಳುಗಿ ಸತ್ತ. ಆಮೇಲೆ ನಡೆದ ಗಲಭೆಯಲ್ಲಿ 38 ಜನ ಸತ್ತರು. 1921ರಲ್ಲಿ ಟಲ್ಸಾ ಪಟ್ಟಣದಲ್ಲಿ ಕಪ್ಪುಜನ ದುಡಿದು ಕಟ್ಟಿಕೊಂಡಿದ್ದ ಇಡೀ ಬಡಾವಣೆಗೆ ಬೆಂಕಿ ಇಟ್ಟರು. ಅದೇ 1921ರಲ್ಲಿ ಅಲ್ಲಿಯ ಹೆಸರಾಂತ ಮಹಿಳಾ ಪತ್ರಿಕೆಯೊಂದು ಜಾಜ್ ಕೇಳಿದರೆ ನಮ್ಮ ಮಕ್ಕಳು ಪಾಪದ ದಾರಿ ಹಿಡಿಯುತ್ತಾರೆ ಅನ್ನುವ ಅರ್ಥದ ಲೇಖನ ಅಚ್ಚು ಹಾಕಿತು. ಹಗಲು ಬೈಯುವುದು, ರಾತ್ರಿ ಹೋಗಿ ಕೇಳುವುದು. ಈ ಬುದ್ಧಿ ನಮಗೆ ಗೊತ್ತಿಲ್ಲದ್ದೇನಲ್ಲ.

*

ಈಗ ನಮ್ಮ ಸೀಮೆಗೆ ಬರೋಣ. ಅದೇ ವರ್ಷಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ಏನು ನಡೆಯುತ್ತಿತ್ತು?

ಬೆಂಗಳೂರಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲಿ. 1889ರ ಹೊತ್ತಿಗೆ ರೈಲು ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತು. ನಮ್ಮ ಕಡೆಯ ಕೊಬ್ಬರಿ ಗಾಡಿಯಲ್ಲಿ ತಿಪಟೂರಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ದೂರದ ಪೇಟೆ ಸೇರಲು ದಾರಿ ಆಯಿತು. ಮೂಟೆ ಹೋದ ದಾರಿಯಲ್ಲೇ ಹಾರ್ಮೋನಿಯಂ ಬಂತು, ಗ್ಯಾಸ್‌ಲೈಟು ಬಂತು, ಗ್ರಾಮಫೋನು ಬಂತು. ಕಲ್ಕತ್ತೆಯಲ್ಲಿ 1908ರಿಂದಲೇ ಪ್ಲೇಟು ಒತ್ತುವ ಕಾರ್ಖಾನೆ ನಡೆಯುತ್ತಿತ್ತು. ತೆಂಗಿನ ತೋಟವಿದ್ದ ಸಾಹುಕಾರರ ಮನೆಯ ಪಡಸಾಲೆಯಲ್ಲಿ ‘ಹಾಡೋ ಪೆಟ್ಟಿಗೆ’ ಕೂತಿತು.

ಗುಬ್ಬಿ ವೀರಣ್ಣನವರು 1917ರಲ್ಲಿ ಕಂಪನಿಯ ಯಜಮಾನಿಕೆ ವಹಿಸಿಕೊಂಡ ಮೇಲೆ ನಾಟಕದ ಚಹರೆಯೇ ಬದಲಾಯಿತು. ಹೆಣ್ಣುಪಾತ್ರವನ್ನು ಗಂಡಸರು ಸೀರೆ ಉಟ್ಟು ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು. ಬಿ. ಸುಂದರಮ್ಮ, ಬಿ. ಜಯಮ್ಮ ಅಂಥ ನಟಿಯರ ಹೆಸರು ಊರೂರಿಗೆ ಹಬ್ಬಿತು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆ ರಂಗದ ಮೇಲೆ ನಡೆದವು. ‘ಮನೆ ಹೆಂಗಸರು ಇದನ್ನ ನೋಡಬಹುದಾ?’ ಅಂತ ಹುಬ್ಬು ಗಂಟಿಕ್ಕಿದವರೂ ರಾತ್ರಿ ಹೋಗಿ ಕೂತು ನೋಡುತ್ತಿದ್ದರು. ಅಮೆರಿಕದಲ್ಲಿ ಜಾಜ್ ಎಬ್ಬಿಸಿದ ಗಲಾಟೆಯ ನಮ್ಮ ರೂಪ ಇದು. ಹೆಣ್ಣು ಬಯಲಿಗೆ ಬಂದಾಗ, ರಾತ್ರಿಯ ಬೆಳಕು ಹೆಚ್ಚಾದಾಗ, ದುಡ್ಡು ಕೊಟ್ಟವನಿಗೆಲ್ಲ ಟಿಕೇಟು ಸಿಕ್ಕಾಗ, ಹಳೇ ಯಜಮಾನಿಕೆಗೆ ಮೈ ಉರಿಯುತ್ತೆ.

ಕಂಪನಿ ನಾಟಕವನ್ನು ನಾನು ಕೀಳು ಮಾಡುತ್ತಿಲ್ಲ. ಸಾಮಾನ್ಯ ಜನ ಅಕ್ಷರ ಇಲ್ಲದೆ ಕಥೆ ಕಲಿತದ್ದು, ಕನ್ನಡ ಕಲಿತದ್ದು ಅಲ್ಲಿ. ಅದರ ಲಾಂದ್ರದ ಬೆಳಕು ನಮ್ಮ ಹಿರಿಯರ ಕಣ್ಣಿಗೂ ಬಿದ್ದಿದೆ. ಆದರೆ ಚರಿತ್ರೆ ಬರೆಯುವವನು ಒಂದು ಪ್ರಶ್ನೆ ಕೇಳಲೇಬೇಕು. ಇಷ್ಟೆಲ್ಲ ಹೊಸ ಸದ್ದು ಬಂದು ಸೇರಿದಾಗ ಹಳೇ ಸದ್ದುಗಳಲ್ಲಿ ಯಾವುದಕ್ಕೆ ಒಳಗೆ ಜಾಗ ಸಿಕ್ಕಿತು, ಯಾವುದು ಹೊರಗೇ ಉಳಿಯಿತು?

ಪಿಟೀಲು ಎಲ್ಲಿಂದ ಬಂತು? ಯೂರೋಪಿನಿಂದ. ಹಾರ್ಮೋನಿಯಂ? ಅದೂ ಅಲ್ಲಿಂದಲೇ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅನ್ನುತ್ತಿದ್ದ ಜನ ಸಮುದ್ರ ದಾಟಿ ಬಂದ ಪಿಟೀಲನ್ನು ಎದೆಗೆ ಆನಿಸಿಕೊಂಡು ದೇವರ ಕೀರ್ತನೆ ನುಡಿಸಿದರು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿ ಸಭೆಗಳನ್ನು ಗೆದ್ದದ್ದು ಈ ಕಾಲದಲ್ಲೇ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದರು. ಅದೇ 1935ರಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ಲಿಯಾನ್ ಆಬಿ ಎಂಬ ಕಪ್ಪು ಸಂಗೀತಗಾರನ ತಂಡ ಬಂದು ಜಾಜ್ ನುಡಿಸಿತು. ಏಳು ಸಮುದ್ರದ ಆಚೆಯ ಸಂಗೀತಕ್ಕೆ ಈ ದೇಶದ ಶ್ರೀಮಂತರ ಮಹಡಿಯಲ್ಲಿ ಜಾಗ ಸಿಕ್ಕಿತು. ಊರಿಂದ ಅರ್ಧ ಫರ್ಲಾಂಗು ದೂರದ ಕೇರಿಯ ತಮಟೆಗೆ ಗುಡಿಯ ಕಟ್ಟೆ ಹತ್ತಲು ಆಗಲಿಲ್ಲ.

ಚರ್ಮದ ವಾದ್ಯ, ಅದಕ್ಕೇ ಮೈಲಿಗೆ ಅಂತೀರಾ? ಮೃದಂಗದ ಮುಖದಲ್ಲಿ ಇರುವುದೇನು? ಅದೂ ಸತ್ತ ದನದ ಚರ್ಮ, ಮೇಕೆ ಚರ್ಮ. ಅದನ್ನು ಹದ ಮಾಡಿ, ಬಿಗಿದು, ನಾದ ಕೂರಿಸಿ ಕೊಡುವವರಲ್ಲಿ ದಲಿತರ ಮನೆಗಳು ಎಷ್ಟೋ. ಟಿ.ಎಂ. ಕೃಷ್ಣ 2020ರಲ್ಲಿ ಇಂಥ ಮೃದಂಗ ತಯಾರಕರ ಬದುಕನ್ನೇ ಹಿಡಿದು ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದರು. ಚರ್ಮ ಒಳಗೆ ಹೋಯಿತು, ಚರ್ಮ ಹದ ಮಾಡಿದ ಕೈ ಹೊರಗೆ ಉಳಿಯಿತು. ಹಾಗಾದರೆ ಮೈಲಿಗೆ ಇರುವುದು ಚರ್ಮದಲ್ಲಲ್ಲ.

*

ಈ ಕಾಲದ ಇನ್ನೊಂದು ಜಗಳ ನಮ್ಮ ಹುಡುಗರು ತಿಳಿಯಬೇಕು. 1918ರಲ್ಲಿ ಮಹಾರಾಜರ ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿತು. ಸರ್ಕಾರಿ ನೌಕರಿಯೆಲ್ಲ ಬ್ರಾಹ್ಮಣರ ಕೈಯಲ್ಲಿದೆ, ಉಳಿದವರಿಗೂ ಪಾಲು ಬೇಕು ಅಂತ ಎದ್ದ ಕೂಗಿನ ಫಲ ಅದು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ, ಅವರು ದಿವಾನಗಿರಿ ಬಿಟ್ಟರು. ಬ್ರಾಹ್ಮಣೇತರರಿಗೆ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಸಿಗಬೇಕು ಅಂತ ಸಮಿತಿ ಹೇಳಿತು. 1921ರಲ್ಲಿ ಸರ್ಕಾರದ ಆದೇಶವೂ ಬಂತು. ಇಡೀ ದೇಶದಲ್ಲೇ ಇದು ದೊಡ್ಡ ಹೆಜ್ಜೆ. ಅದನ್ನು ನಾವು ಮರೆಯಬಾರದು.

ಆದರೆ ಆ ಆದೇಶದಲ್ಲಿ ‘ಹಿಂದುಳಿದವರು’ ಅಂದರೆ ಹೆಚ್ಚುಕಡಿಮೆ ಬ್ರಾಹ್ಮಣರನ್ನು ಬಿಟ್ಟ ಎಲ್ಲರೂ. ತೋಟ ಇದ್ದವನೂ ಹಿಂದುಳಿದವನೇ, ಅವನ ತೋಟದಲ್ಲಿ ಗುಂಡಿ ತೋಡುವವನೂ ಹಿಂದುಳಿದವನೇ. ಹೀಗೆ ಕಟ್ಟಿದ ಮೇಲೆ ಕುರ್ಚಿ ಯಾರಿಗೆ ಸಿಕ್ಕುತ್ತೆ? ಮಗನನ್ನು ತುಮಕೂರು, ಬೆಂಗಳೂರಿನ ಹಾಸ್ಟೆಲಿಗೆ ಹಾಕಲು ಯಾರಿಗೆ ಶಕ್ತಿ ಇತ್ತೋ ಅವರಿಗೆ. ಕಚೇರಿಯಲ್ಲಿ ಬ್ರಾಹ್ಮಣನ ಎದುರು ಸಮಾನತೆ ಕೇಳಿದ ಜಮೀನ್ದಾರನೇ ಊರಿಗೆ ಬಂದಾಗ ಕೇರಿ ಬಾಯಲ್ಲಿ ನಿಂತು ‘ಏನ್ರಲಾ’ ಅನ್ನುತ್ತಿದ್ದ. ನಮ್ಮ ಸೀಮೆಯ ಸಾಮಾಜಿಕ ಘರ್ಷಣೆಯ ಮುಖ್ಯ ಗಂಟು ಇಲ್ಲಿದೆ. ಇದನ್ನು ಬರಿಯ ಬ್ರಾಹ್ಮಣ, ಬ್ರಾಹ್ಮಣೇತರ ಜಗಳ ಅಂತ ಓದಿದರೆ ಕೇರಿ ಕಾಣುವುದೇ ಇಲ್ಲ.

ಶಾಲೆಯದೂ ಇದೇ ಕಥೆ. ಆ ಹತ್ತರ ದಶಕದ ಕೊನೆಯಲ್ಲಿ ಸಿ.ಆರ್. ರೆಡ್ಡಿಯವರು ಮೈಸೂರಿನ ವಿದ್ಯಾ ಇಲಾಖೆ ನೋಡಿಕೊಳ್ಳುತ್ತಿದ್ದಾಗ ಸರ್ಕಾರಿ ಶಾಲೆಯ ಬಾಗಿಲನ್ನು ಅಸ್ಪೃಶ್ಯರ ಮಕ್ಕಳಿಗೆ ತೆರೆಯಲು ಹೊರಟರು. ಮೇಲ್ಜಾತಿಯವರು ಎದ್ದು ಕೂತರು. ನಮ್ಮ ಮಕ್ಕಳನ್ನು ಬಿಡಿಸಿಕೊಳ್ಳುತ್ತೇವೆ ಅಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಎಷ್ಟೋ ಊರಲ್ಲಿ ನಮ್ಮ ಮಕ್ಕಳು ಶಾಲೆಯ ಜಗುಲಿಯಲ್ಲೇ ಕೂತು, ಕಿಟಕಿಯಿಂದ ಬಂದ ಅಕ್ಷರ ಕಲಿತರು. ಕಲಿತ ಆ ನಾಲ್ಕಕ್ಷರವೇ ಮುಂದೆ ನಮ್ಮ ಕೈಗೆ ಸಿಕ್ಕ ಮೊದಲ ಆಯುಧ.

*

ಈಗ ಹುಡುಗನ ಮಾತಿನ ಎರಡನೇ ಭಾಗ. ‘ನಮ್ಮಪ್ಪನಿಗೆ ದುಡ್ಡೂ ಕೊಡಲ್ಲ.’

ಇದು ಬಹಳ ಆಳದ ಮಾತು. ಕಾಟನ್ ಕ್ಲಬ್ಬಿನಲ್ಲಿ ಅವಮಾನ ಇತ್ತು, ಕೂಲಿಯೂ ಇತ್ತು. ದಕ್ಷಿಣದ ಹೊಲ ಬಿಟ್ಟು ಲಕ್ಷಾಂತರ ಕಪ್ಪುಜನ ರೈಲು ಹತ್ತಿ ಷಿಕಾಗೊ, ನ್ಯೂಯಾರ್ಕು ಸೇರಿದ ಕಾಲ ಅದು. ಲೂಯಿ ಆರ್ಮ್‌ಸ್ಟ್ರಾಂಗ್ 1922ರಲ್ಲಿ ಕಹಳೆ ಹಿಡಿದು ಷಿಕಾಗೊ ರೈಲು ಹತ್ತಿದ್ದೂ ಹಾಗೇ. ಆ ಪಟ್ಟಣಗಳಲ್ಲೂ ಬಣ್ಣದ ಗೆರೆ ಇತ್ತು. ಆದರೂ ಒಂದು ಕ್ಲಬ್ಬು ಬೇಡವಾದರೆ ಇನ್ನೊಂದಕ್ಕೆ ಹೋಗಬಹುದಿತ್ತು. ‘ಇವತ್ತು ನುಡಿಸಲ್ಲ’ ಅನ್ನಬಹುದಿತ್ತು. ಹಾಗೆ ಅಂದರೆ ಕೂಲಿ ಹೋದೀತು, ಮನೆ ಹೋಗುತ್ತಿರಲಿಲ್ಲ.

ನಮ್ಮ ತಮಟೆಯ ಲೆಕ್ಕವೇ ಬೇರೆ. ತೋಟಿ, ತಳವಾರ, ನೀರುಗಂಟಿ ಇವೆಲ್ಲ ಹುಟ್ಟಿನಿಂದ ಬರುವ ಚಾಕರಿ. ಡಂಗುರ ಸಾರಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು, ಅಮಲ್ದಾರರು ಬಂದರೆ ಮುಂದೆ ಓಡಬೇಕು, ಸತ್ತ ದನ ಎಳೆಯಬೇಕು, ಹಬ್ಬಕ್ಕೆ ತಮಟೆ ಬಡಿಯಬೇಕು. ಬದಲಿಗೆ ಒಂದು ತುಂಡು ಇನಾಂ ನೆಲ, ಇಲ್ಲವೇ ಸುಗ್ಗಿಯಲ್ಲಿ ಕಣದ ಬದಿ ನಿಂತು ಪಡೆಯುವ ಒಂದೆರಡು ಮೊರ ರಾಗಿ. ‘ಆಯ’ ಅಂತ ಅದಕ್ಕೆ ಚಂದದ ಹೆಸರು. ಬಡಿಯಲ್ಲ ಅಂದರೆ ರಾಗಿ ನಿಂತಿತು, ಬಾವಿಯ ನೀರು ನಿಂತಿತು, ಅಂಗಡಿಯ ಸಾಮಾನು ನಿಂತಿತು, ಹೊಲದ ದಾರಿ ಮುಚ್ಚಿತು. ಅಮೆರಿಕದ ಒಡೆಯ ಗುಲಾಮನ ಕೈಯಿಂದ ನಗಾರಿ ಕಿತ್ತುಕೊಂಡ. ಇಲ್ಲಿಯ ಒಡೆಯ ನಮ್ಮ ಕೊರಳಿಗೆ ತಮಟೆ ನೇತುಹಾಕಿದ. ಎರಡೂ ಕಡೆ ಒಡೆಯನಿಗೆ ಬೇಕಾಗಿದ್ದುದು ಒಂದೇ: ಯಾವಾಗ ಸದ್ದು ಮಾಡಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದನ್ನು ಅವನೇ ಹೇಳಬೇಕು.

ಇದನ್ನು ಸರಿಯಾಗಿ ಹಿಡಿದವರು ಬಾಬಾಸಾಹೇಬರು. 1927ರ ಮಾರ್ಚಿ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ಷಿಕಾಗೊದ ಕೆರೆಯಲ್ಲಿ ಹುಡುಗನ ಮೇಲೆ ಕಲ್ಲು ಬಿದ್ದ ಎಂಟು ವರ್ಷಕ್ಕೆ, ಅದೇ ನೀರಿನ ಗೆರೆಯನ್ನು ನಮ್ಮವರು ಇಲ್ಲಿ ದಾಟಿದರು. ಇಲ್ಲೂ ಪೆಟ್ಟು ಬಿತ್ತು. ಅದೇ ವರ್ಷ ಡಿಸೆಂಬರ್ 25ರಂದು ಮಹಾಡಿನಲ್ಲೇ ಮನುಸ್ಮೃತಿಗೆ ಬೆಂಕಿ ಇಟ್ಟರು. ಹಾರ್ಲೆಮಿನ ಕ್ಲಬ್ಬಿನಲ್ಲಿ ಎಲಿಂಗ್ಟನ್ ನುಡಿಸಲು ಶುರು ಮಾಡಿದ ತಿಂಗಳೇ ಅದು. 1928ರಲ್ಲಿ ಅವರು ಬೊಂಬಾಯಿ ಶಾಸನಸಭೆಯಲ್ಲಿ ಮಹಾರ್ ವತನದ ಕಾನೂನು ತಿದ್ದಲು ಮಸೂದೆ ತಂದರು. ಈ ವತನ ಅನ್ನುವುದು ನಮ್ಮ ತೋಟಿ ಇನಾಮಿನ ಅಣ್ಣ. ತುಂಡು ನೆಲದ ಆಸೆಗೆ ಇಡೀ ಜಾತಿ ಹಗಲೂ ರಾತ್ರಿ ಊರಿನ ಆಳಾಗಿದೆ, ಈ ಗಂಟು ಬಿಚ್ಚದೆ ಸ್ವಾಭಿಮಾನ ಬರಲಾರದು ಅನ್ನುವುದು ಅವರ ವಾದ. ಹಾಡು, ಕುಣಿತ, ವಾದ್ಯ ಎಲ್ಲದರ ಹಿಂದೆ ನೆಲದ ಪ್ರಶ್ನೆ ಇದೆ ಅಂತ ತೋರಿಸಿಕೊಟ್ಟರು.

ನಮ್ಮಲ್ಲೂ ಊರು ಬಿಟ್ಟವರು ಇದ್ದರು. ತಮಿಳು, ತೆಲುಗು ಸೀಮೆಯ ದಲಿತರು ಕೋಲಾರದ ಚಿನ್ನದ ಗಣಿಗೆ ಇಳಿದರು. ಅಲ್ಲಿ ಸಾವು ಹತ್ತಿರ ಇತ್ತು, ನಿಜ. ಆದರೆ ಕೈಗೆ ಕೂಲಿ ಬಂತು, ಓದು ಬಂತು, ಬೌದ್ಧ ಸಂಘಗಳು ಬಂದವು. 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಅಂತ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ನಾವೇನು ಕಳ್ಳರಾ ಅನ್ನುವ ಪ್ರಶ್ನೆ ಅದು. ನಮ್ಮ ಬಯಲುಸೀಮೆಯ ಜನ ಘಟ್ಟದ ಕಾಫಿ ತೋಟಕ್ಕೆ, ಬೆಂಗಳೂರಿನ ಗಿರಣಿಗಳಿಗೆ ಹೋದರು. ಗಿರಣಿಯ ಕೂಗು ಎಲ್ಲರಿಗೂ ಒಂದೇ. ಅದು ‘ಏನ್ರಲಾ’ ಅಂತ ಜಾತಿ ಹಿಡಿದು ಕೂಗುವುದಿಲ್ಲ. ಹಾಡಿನ ಚರಿತ್ರೆಯನ್ನು ಕೂಲಿಯ ಚರಿತ್ರೆಯಿಂದ ಬೇರೆ ಮಾಡಿ ಬರೆಯಬಾರದು ಅನ್ನುವುದು ಇದಕ್ಕೇ.

*

ಸ್ವಾತಂತ್ರ್ಯ ಬಂತು. 1948ರಲ್ಲಿ ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1963ರ ಫೆಬ್ರವರಿಯಿಂದ ಜಾರಿಯಾಗಿ, ತೋಟಿ ತಳವಾರಿಕೆ ಕಾಗದದ ಮೇಲೆ ಸತ್ತವು. ಹುದ್ದೆ ಹೋಯಿತು, ‘ಪದ್ಧತಿ’ ಉಳಿಯಿತು. ‘ಹಿಂದಿಂದ ನಡಕಂಡ್ ಬಂದೈತೆ’ ಅನ್ನುವ ಒಂದು ಮಾತು ಎಷ್ಟು ಕಾನೂನನ್ನು ನುಂಗಿದೆ ಅಂತ ಹಳ್ಳಿಯ ಮೇಷ್ಟರುಗಳಿಗೆ ನಾನು ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಹುಡುಗರು ಎದ್ದರು. 1972ರಲ್ಲಿ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಹೆಸರು ತಂದದ್ದು ಅಮೆರಿಕದ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಕರ್ನಾಟಕ ಹತ್ತಿ ಉರಿಯಿತು. ಆ ಉರಿಯಲ್ಲಿ ದಲಿತ ಸಂಘರ್ಷ ಸಮಿತಿ ಕಾವು ಪಡೆಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಆಗ ಒಂದು ವಿಚಿತ್ರ ನಡೆಯಿತು. ಒಂದು ಕಡೆ ಹಳ್ಳಿ ಹಳ್ಳಿಯಲ್ಲಿ ‘ಇನ್ನು ತಮಟೆ ಬಡಿಯಲ್ಲ’ ಅಂತ ಕೇರಿಗಳು ತಿರುಗಿ ನಿಂತವು, ಬಹಿಷ್ಕಾರ ಉಂಡವು, ಹೊಡೆತ ತಿಂದವು. ಇನ್ನೊಂದು ಕಡೆ ಅದೇ ಹುಡುಗರು ಅದೇ ತಮಟೆ ಹಿಡಿದು, ಸಿದ್ಧಲಿಂಗಯ್ಯನವರ ಹಾಡು ಹಾಡುತ್ತಾ ತಾಲ್ಲೂಕು ಕಚೇರಿ ಮುಂದೆ ಬಡಿದರು. ಊರಿಗೆ ಬಡಿಯಲ್ಲ ಅಂದವರು ಹೋರಾಟಕ್ಕೆ ಬಡಿದರು. ಇದರಲ್ಲಿ ಎಡವಟ್ಟು ಏನೂ ಇಲ್ಲ. ಸ್ಟೋನೊ ನದಿಯ ಹತ್ತಿರ ಒಡೆಯ ಹೆದರಿದ್ದ ನಗಾರಿ ಇದೇ. ಜನರನ್ನು ಕೂಡಿಸುವ ನಗಾರಿ.

ಕಾಲ ಇನ್ನೂ ಮುಂದೆ ಬಂದಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ಕೇರಿಗಳಲ್ಲಿ ಆ ದಿನ ಕಣ್ಣು ತುಂಬಿಕೊಂಡವರು ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಆದರೆ ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿದ ತಮಟೆ ಇನ್ನೂ ಎಷ್ಟು ಊರಿನ ಗುಡಿಯ ಮೆಟ್ಟಿಲು ಹತ್ತಿಲ್ಲ ಅನ್ನುವ ಲೆಕ್ಕವನ್ನು ಅದೇ ದಿನ ಕೇಳಬೇಕು. ಪ್ರಶ್ನೆ ಕೇಳದೆ ಬರಿಯ ಚಪ್ಪಾಳೆ ತಟ್ಟಿದರೆ ನಾವೂ ಕಾಟನ್ ಕ್ಲಬ್ಬಿನ ಗಿರಾಕಿಗಳ ಹಾಗೆ ಆಗುತ್ತೇವೆ.

*

ಪಾಠ ಆದ ಎರಡು ವಾರಕ್ಕೆ ಆ ಹುಡುಗನ ಅಪ್ಪ ಶಾಲೆ ಹತ್ತಿರ ಬಂದ. ಬಾಗಿಲಲ್ಲೇ ನಿಂತಿದ್ದವನನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ‘ಮೇಷ್ಟ್ರೆ, ನನ್ನ ಕಾಲಕ್ಕೆ ಈ ತಮಟೆ ಮುಗೀಲಿ, ನನ್ನ ಮಗ ಮುಟ್ಟೋದು ಬ್ಯಾಡ ಅಂತ ನಾನು. ಬಡೀತೀನಿ, ಅದು ನಮ್ದು ಅಂತ ಅವನು. ಏನ್ ಮಾಡಾದು ನೀವೇ ಯೋಳಿ’ ಅಂದ.

ಇಬ್ಬರ ಮಾತಲ್ಲೂ ನ್ಯಾಯ ಇದೆ. ಅಪ್ಪನಿಗೆ ಆ ಚರ್ಮದಲ್ಲಿ ಅವಮಾನದ ನೆನಪು. ಮಗನಿಗೆ ಅದರಲ್ಲಿ ತನ್ನ ಜನರ ಬುದ್ಧಿ, ತಾಳ, ಹೆಮ್ಮೆ. ಅಮೆರಿಕದ ಕಪ್ಪು ಲೇಖಕರೊಳಗೂ ಇಪ್ಪತ್ತರ ದಶಕದಲ್ಲಿ ಇದೇ ಜಗಳ ನಡೆಯಿತು. ಓದಿದ ಕೆಲವರು ಈ ಜಾಜ್, ಈ ಬೀದಿ ಹಾಡು ನಮ್ಮ ಮರ್ಯಾದೆ ಕಳೆಯುತ್ತೆ ಅಂದರು. ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಕವಿ 1926ರಲ್ಲಿ ಒಂದು ಲೇಖನ ಬರೆದು, ನಮ್ಮ ಬಡಜನರ ಸಂಗೀತಕ್ಕೆ ನಾವೇ ನಾಚಿಕೊಂಡರೆ ಹೇಗೆ ಅಂತ ವಾದ ಹೂಡಿದ.

ನಾನು ಅವನಿಗೆ ಹೇಳಿದ್ದು ಇಷ್ಟು. ತಮಟೆ ಎತ್ತುವ ಮುಂಚೆ ಮೂರು ಮಾತು ಕೇಳ್ಕಳಣ್ಣ. ಕರೆದವರು ಯಾರು, ಹೇಗೆ ಕರೆದರು? ಆಗಲ್ಲ ಅಂದರೆ ಸುಮ್ಮನೆ ಹೋಗ್ತಾರಾ, ಇಲ್ಲ ನೀರು ನಿಲ್ಲಿಸ್ತಾರಾ? ಬಡಿದು ಮುಗಿದ ಮೇಲೆ ನಿನ್ನನ್ನು ಎಲ್ಲಿ ನಿಲ್ಲಿಸ್ತಾರೆ, ಒಳಗೋ ಹೊರಗೋ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಅದು ಕಲೆ. ಒಂದಕ್ಕೆ ತಪ್ಪು ಉತ್ತರ ಬಂದರೂ ಅದು ಬಿಟ್ಟಿ. ಬಿಟ್ಟಿ ದುಡಿಸುವುದೂ, ಬಹಿಷ್ಕಾರ ಹಾಕುವುದೂ ಇವತ್ತು ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ. ಅದನ್ನೂ ಅವನಿಗೆ ಹೇಳಿದೆ.

ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿಯಲ್ಲಿ ಹುಡುಗ ಬಡಿದ. ಅಪ್ಪ ದೂರದಲ್ಲಿ ನಿಂತು ನೋಡುತ್ತಿದ್ದವನು ನಡುವೆ ಬಂದು ತಮಟೆಯನ್ನು ಮಗನ ಕೈಯಿಂದ ತಗೊಂಡು, ಬಿಗಿ ಸಾಲದು ಅಂತ ಬೆಂಕಿಗೆ ಹಿಡಿದು ಕಾಯಿಸಿಕೊಟ್ಟ. ಮುಂದಿನ ತಿಂಗಳು ಊರಮ್ಮನ ಹಬ್ಬಕ್ಕೆ ಕೂಗು ಬಂದಾಗ ಅವನು ಎದ್ದು ಹೋಗಿ, ‘ಈ ಸಲ ಆಗಕಿಲ್ಲ ಸ್ವಾಮಿ’ ಅಂದನಂತೆ. ಊರು ಅದನ್ನು ನುಂಗಿಕೊಂಡಿತೋ, ಮನಸ್ಸಿನಲ್ಲಿ ಇಟ್ಟುಕೊಂಡಿತೋ ಮುಂದಿನ ಸುಗ್ಗಿಯಲ್ಲಿ ಕೂಲಿಗೆ ಕರೆಯುವಾಗ ಗೊತ್ತಾಗುತ್ತೆ. ಆವಾಗ ಆ ಮನೆಯ ಜೊತೆ ನಿಲ್ಲಬೇಕಾದವರು ನಾವು.

ಇದನ್ನು ಓದುವ ಮೇಷ್ಟರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. ಜಾಜ್ ಯುಗದ ಚರಿತ್ರೆಯನ್ನು ಅಮೆರಿಕದವರು ಪ್ಲೇಟು, ಫೋಟೊ, ಪತ್ರಿಕೆ ಇಟ್ಟುಕೊಂಡು ಬರೆದುಕೊಂಡಿದ್ದಾರೆ. ಅದೇ ಕಾಲದ ನಮ್ಮ ಕೇರಿಯ ಚರಿತ್ರೆ ಯಾವ ಕಡತದಲ್ಲೂ ನೆಟ್ಟಗೆ ಇಲ್ಲ. ತಮ್ಮ ತಾತ, ಮುತ್ತಾತಂದಿರಿಂದ ಕೇಳಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಹುಳಿಯಾರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲೇ ಇರಿ, ಒಂದು ನೋಟ್‌ಬುಕ್ಕು ಹಿಡಿದು ಅವರ ಹತ್ತಿರ ಕೂತುಕೊಳ್ಳಿ. ನಿಮ್ಮೂರಲ್ಲಿ ತಮಟೆ, ಅರೆ, ಉರುಮೆ ಬಡಿಯುತ್ತಿದ್ದ ಮನೆ ಯಾವುದು? ವರ್ಷಕ್ಕೆ ಎಷ್ಟು ಮೊರ ರಾಗಿ ಕೊಡುತ್ತಿದ್ದರು? ತೋಟಿ ಇನಾಮಿನ ನೆಲ ಯಾವುದು, ಇವತ್ತು ಅದರಲ್ಲಿ ಯಾರ ತೆಂಗಿನ ಮರ ನಿಂತಿದೆ? ಮೊದಲು ‘ಆಗಕಿಲ್ಲ’ ಅಂದವರು ಯಾರು, ಅವರಿಗೆ ಏನಾಯಿತು? ಬರೆದುಕೊಳ್ಳಿ, ಬರೆದದ್ದನ್ನು ನಿಮ್ಮ ತರಗತಿಯಲ್ಲಿ ಓದಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಪ್ರಶ್ನೆ ಕೇಳುತ್ತಾರೆ.